ಕಾರಖಾನೆಗಳ ಅಪಾಯವೂ ಮಾಲೀಕರ ಹೊಣೆಯೂ

ಬೆಳಗಾವಿಯ ಉದ್ಯಮಬಾಗದಲ್ಲಿ ಒಮ್ಮೆ ಅಡ್ಡಾಡಿದವರಿಗೆ ಎರಕದ ಕಾರಖಾನೆಗಳ ಪರಿಚಯವನ್ನು ನಾವು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಈ ಊರಿನಲ್ಲಿ ಸಾಯಕಲ್ಲಿನ ಅಂಗಡಿಯನ್ನು ತೆರೆದು, ಮುಂದೆ ಕಬ್ಬಿಣದ ನೇಗಿಲಿಗೆ ಕೈಹಚ್ಚಿ, 1910ರಲ್ಲಿ ಇಲ್ಲಿಯ ಜಾಗವನ್ನು ಬಿಡಬೇಕಾಗಿ ಬಂದು ಔಂಧ ಸಂಸ್ಥಾನದ ನೆಲಕ್ಕೆ ಹೋದರೆಂಬದು ನಮ್ಮ ವಾಚಕರಿಗೆ ತಿಳಿದೇ ಇದೆ. ಅವರು ಹೋದರೂ ಕಬ್ಬಿಣದ ಕಸಬು ಈ ಊರನ್ನು ಬಿಟ್ಟು ಹೋಗಲಿಲ್ಲ. ಇಂದು ಇಲ್ಲಿ ಎರಕ ಹೊಯ್ದ ಬಿಡಿಭಾಗಗಳು ದೇಶದ ಮೋಟಾರುಗಳಲ್ಲಿಯೂ ಪಂಪುಗಳಲ್ಲಿಯೂ ಕೂತಿವೆ. ಊರಿಗೆ ಇದು ಭೂಷಣವೇ ಸರಿ. ಆದರೆ ಆ ಭಾಗಗಳನ್ನು ಹೊಯ್ದವನ ಕಣ್ಣು, ಕೈ, ಪುಪ್ಪುಸಗಳ ಗತಿ ಏನಾಯಿತೆಂದು ವಿಚಾರಿಸುವ ರೂಢಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ.

ಕಾರಖಾನೆಯಲ್ಲಿ ಒಬ್ಬನು ಸತ್ತರೆ ಅದನ್ನು 'ಆಕಸ್ಮಿಕ'ವೆಂದು ಬರೆದು ಮುಗಿಸುತ್ತೇವೆ. ಸತ್ತವನ ಮನೆಯವರು ಹಣೆಬರಹವೆನ್ನುತ್ತಾರೆ. ಎರಡೂ ಮಾತುಗಳಿಂದ ಆಗುವ ಕೆಲಸ ಒಂದೇ. ಕಾರಣವನ್ನು ಹುಡುಕುವ ಶ್ರಮ ತಪ್ಪುವದು. 2024ರ ಆಗಸ್ಟದಲ್ಲಿ ನಗರದ ಹೊರಗಿನ ನಾವಗೆಯ ಹತ್ತಿರ ಅಂಟುಪಟ್ಟಿಗಳನ್ನು ಮಾಡುವ ಕಾರಖಾನೆಗೆ ಬೆಂಕಿ ಬಿದ್ದಿತು. ಒಬ್ಬ ತರುಣ ಕೆಲಸಗಾರನು ಲಿಫ್ಟಿನಲ್ಲಿ ಸಿಕ್ಕಿಬಿದ್ದು ಪ್ರಾಣ ಬಿಟ್ಟನು. ಆ ಪ್ರಕರಣದಲ್ಲಿ ತಪ್ಪು ಯಾರದೆಂದು ಹೇಳುವದು ನಮ್ಮ ಅಧಿಕಾರದ ಮಾತಲ್ಲ. ಆದರೆ ಬೆಂಕಿ ಬಿದ್ದಾಗ ಲಿಫ್ಟನ್ನು ಹತ್ತಬಾರದೆಂಬ ಮಾತನ್ನು ಪ್ರತಿಯೊಬ್ಬ ಕೆಲಸಗಾರನಿಗೆ ಅವನ ಭಾಷೆಯಲ್ಲಿ ಹೇಳಿದೆಯೇ, ಎರಡನೆಯ ಹೊರದಾರಿ ಇದೆಯೇ, ಇದ್ದರೆ ಅದರ ಮುಂದೆ ಮಾಲಿನ ಪೆಟ್ಟಿಗೆಗಳನ್ನು ಒಟ್ಟಿದೆಯೇ, ವರ್ಷಕ್ಕೆ ಎಷ್ಟು ಸಾರೆ ಬೆಂಕಿಯ ಕವಾಯತು ನಡೆದಿದೆ ಎಂಬ ಪ್ರಶ್ನೆಗಳನ್ನು ಜಿಲ್ಲೆಯ ಪ್ರತಿಯೊಂದು ಕಾರಖಾನೆಯ ಧಣಿಗೆ ಕೇಳುವ ಅಧಿಕಾರ ಎಲ್ಲರಿಗೂ ಇದೆ. ಈ ಪ್ರಶ್ನೆಗಳನ್ನು ಬೆಂಕಿ ಬೀಳುವದಕ್ಕಿಂತ ಮುಂಚೆ ಕೇಳಿಕೊಂಡು, ಉತ್ತರವನ್ನು ಕಾಗದದ ಮೇಲೆ ಬರೆದಿಟ್ಟು, ಅದರಂತೆ ನಡೆಯುವದಕ್ಕೇ ಅಪಾಯದ ನಿರ್ವಹಣೆ ಎಂದು ಹೆಸರು. ಹೆಸರು ದೊಡ್ಡದು, ಕೆಲಸ ಸಾದಾ. ಕಿರ್ದಿ ಖಾತೆಗಳನ್ನು ದಿನವೂ ತಪ್ಪದೆ ಬರೆಯುವ ವ್ಯಾಪಾರಸ್ಥನಿಗೆ ಇದು ಕಠಿಣವೆಂದು ನಾವು ನಂಬಲಾರೆವು. ಯಾವ ಕೆಲಸದಲ್ಲಿ ಯಾವ ಕೇಡು ಅಡಗಿದೆ, ಯಾರಿಗೆ ತಗಲೀತು, ಎಷ್ಟು ಭಾರಿಯಾದೀತು, ಅದನ್ನು ತಪ್ಪಿಸುವ ಹೊಣೆ ಯಾರದು, ಯಾವ ತಾರೀಖಿನೊಳಗೆ ಎಂಬಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದರೆ ಸಾಕು. ಕೂದಲೆಳೆಯಲ್ಲಿ ತಪ್ಪಿದ ಗಂಡಾಂತರಗಳನ್ನೂ ಅದೇ ಪುಸ್ತಕದಲ್ಲಿ ಕಾಣಿಸಬೇಕು. ಇಂದು ಕಾಲ ಬಳಿ ಬಿದ್ದ ಸರಪಳಿ ನಾಳೆ ತಲೆಯ ಮೇಲೆ ಬೀಳುವಂಥದೇ.

ಕಾಯಿದೆಯು ಈ ವಿಷಯದಲ್ಲಿ ಮೂಕವಾಗಿಲ್ಲ. 1881ರಲ್ಲಿ ಈ ದೇಶದ ಮೊದಲನೆಯ ಕಾರಖಾನೆಗಳ ಕಾಯಿದೆಯಾಯಿತು. 1923ರ ಪರಿಹಾರದ ಕಾಯಿದೆಯು 1924ರ ಜುಲೈ 1ರಿಂದ ಜಾರಿಗೆ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾತ್ಮರು ಟಿಳಕವಾಡಿಯ ಬಯಲಿನಲ್ಲಿ ರಾಷ್ಟ್ರಸಭೆಯ ಅಧ್ಯಕ್ಷಪೀಠವನ್ನೇರಿದರು. ಉದ್ಯಮಬಾಗವು ಆ ಬಯಲಿಗೆ ದೂರವಲ್ಲ. ಧಣಿಯು ತನ್ನ ಸಂಪತ್ತಿಗೆ ಒಡೆಯನಲ್ಲ, ವಿಶ್ವಸ್ತನು ಎಂಬ ಅವರ ಮಾತನ್ನು ಸಭೆಗಳಲ್ಲಿ ಉದ್ಧರಿಸುವವರು ಇಲ್ಲಿ ಬಹಳ. ಭಟ್ಟಿಯ ಬಳಿ ನಿಂತು ಅದನ್ನು ನೆನೆಯುವವರು ಎಷ್ಟು ಜನರೋ! ಸ್ವಾತಂತ್ರ್ಯ ಬಂದ ಮರುವರ್ಷವೇ 1948ರ ಕಾರಖಾನೆಗಳ ಕಾಯಿದೆಯು ಯಂತ್ರಗಳಿಗೆ ಕಟಕಟೆ, ಬೆಂಕಿಗೆ ದಾರಿ, ಧೂಳಿಗೆ ಹೀರುಕೊಳವೆಗಳನ್ನು ವಿಧಿಸಿತು. 1984ರಲ್ಲಿ ಭೋಪಾಳದ ಅನಾಹುತವಾದ ಮೇಲೆ, 1987ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಕೆಲಸಗಾರರ ಆರೋಗ್ಯ, ಸುರಕ್ಷತೆಗಳ ಸಾಮಾನ್ಯ ಹೊಣೆಯು ಮಾಲೀಕನ ಮೇಲೆ ಸ್ಪಷ್ಟವಾಗಿ ಬಿದ್ದಿತು. ಅಪಾಯಕಾರಕ ಉದ್ಯೋಗಗಳ ಯಾದಿಯಲ್ಲಿ ಎರಕದ ಕೆಲಸವನ್ನೂ ಸೇರಿಸಿದರು. ಕೆಲಸಗಾರನ ಆರೋಗ್ಯದ ಹಕ್ಕು ಬದುಕುವ ಹಕ್ಕಿನೊಳಗೇ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಕಲ್ನಾರಿನ ಕೆಲಸಗಾರರ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಈಗ 1948ರ ಕಾಯಿದೆ ಹೋಗಿ, 2020ರ ಸಂಹಿತೆಯು 2025ರ ನವೆಂಬರ 21ರಿಂದ ಜಾರಿಗೆ ಬಂದಿದೆ.

ಹೊಸ ಸಂಹಿತೆಯಲ್ಲಿ ಮೆಚ್ಚತಕ್ಕ ಅಂಶಗಳುಂಟು. ಗೊತ್ತುಪಡಿಸಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಪುಕ್ಕಟೆ ವೈದ್ಯಪರೀಕ್ಷೆ ಮಾಡಿಸುವದೂ ನೇಮಕದ ಪತ್ರ ಕೊಡುವದೂ ಮಾಲೀಕನ ಕರ್ತವ್ಯಗಳೆಂದು ಅದು ಹೇಳುವದು. ಕರ್ತವ್ಯ ತಪ್ಪಿದ್ದರಿಂದ ಸಾವು ಸಂಭವಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ ಐದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ದಂಡದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ವಾರಸುದಾರರಿಗೆ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೆ ವಿದ್ಯುಚ್ಛಕ್ತಿಯಿಂದ ನಡೆಯುವ ಕೆಲಸದ ಮನೆಯಲ್ಲಿ ಹಿಂದೆ ಹತ್ತು ಜನರಿದ್ದರೆ ಅದು ಕಾರಖಾನೆಯೆನಿಸುತ್ತಿತ್ತು. ಈಗ ಇಪ್ಪತ್ತು ಜನರು ಬೇಕು. ಶಕ್ತಿಯಿಲ್ಲದ ಕಡೆಗೆ ಇಪ್ಪತ್ತರ ಬದಲು ನಾಲ್ವತ್ತು. ಮಾಲೀಕನ ಸಾಮಾನ್ಯ ಕರ್ತವ್ಯಗಳು ಹತ್ತು ಜನರಿರುವ ಉದ್ಯೋಗಕ್ಕೂ ತಗಲುವವು ನಿಜ. ಆದರೆ ಕಾರಖಾನೆಗಳಿಗೆಂದೇ ಇರುವ ನಿಯಮಗಳ ಬಿಗಿ ಸಣ್ಣ ಶೆಡ್ಡುಗಳಿಂದ ಸಡಲಿತು. ಬೆಳಗಾವಿಯಲ್ಲಿ ಕೆಟ್ಟ ಗಾಳಿಯ ಸಣ್ಣ ಶೆಡ್ಡುಗಳೇ ಹೆಚ್ಚಾಗಿರುವಾಗ ಈ ಬದಲಾವಣೆಯನ್ನು ನಾವು ಸ್ವಾಗತಿಸಲಾರೆವು.

ಎರಕದ ಕೆಲಸದ ಅಪಾಯವೆಂದರೆ ಕಾದ ಕಬ್ಬಿಣವೊಂದೇ ಎಂದು ಹೊರಗಿನವರು ತಿಳಿಯುತ್ತಾರೆ. ಅದೂ ಸಣ್ಣದಲ್ಲ. ಸಾವಿರದ ನಾನೂರು ಅಂಶದ ಆಸುಪಾಸಿನಲ್ಲಿ ಕುದಿಯುವ ರಸಕ್ಕೆ ಒದ್ದೆಯಾದ ಗುಜರಿ ಬಿದ್ದರೆ, ಒಳಗೆ ಸಿಕ್ಕ ನೀರು ಕ್ಷಣಾರ್ಧದಲ್ಲಿ ಉಗಿಯಾಗಿ ರಸವನ್ನು ಮೇಲಕ್ಕೆ ಸಿಡಿಸುವದು. ಬಾಯಿ ಮುಚ್ಚಿದ ಕೊಳವೆಯ ತುಂಡು ಗುಜರಿಯಲ್ಲಿ ಅಡಗಿ ಬಂದರೆ ಅದು ಬಾಂಬಿಗೆ ಸಮಾನ. ಗುಜರಿಯನ್ನು ಆರಿಸಿ ಒಣಗಿಸಲಿಕ್ಕೆ ಇಬ್ಬರನ್ನು ನೇಮಿಸುವ ಖರ್ಚನ್ನು ಉಳಿಸಿದವರು ಇದರ ಬೆಲೆಯನ್ನು ಬೇರೆ ಕಡೆ ತೆರಬೇಕಾಗುವದು.

ಆದರೆ ಸಿಡಿಯುವದು ಕಣ್ಣಿಗೆ ಕಾಣುವ ಶತ್ರು. ಕಾಣದ ಶತ್ರು ಮರಳಿನಲ್ಲಿದೆ. ಅಚ್ಚಿನ ಮರಳೆಲ್ಲ ಬಹುಮಟ್ಟಿಗೆ ಸಿಲಿಕಾ. ಎರಕ ಆರಿದ ಮೇಲೆ ಅಚ್ಚನ್ನು ಒಡೆಯುವಾಗ, ಮೈಗಂಟಿದ ಮರಳನ್ನು ತಿರುಗುವ ಸಾಣೆಯಿಂದ ಉಜ್ಜುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಭಾಗ ಮೂಗಿನಲ್ಲಿಯೇ ನಿಲ್ಲುವದು. ಕಾಣದಷ್ಟು ಸಣ್ಣ ಕಣಗಳು ಪುಪ್ಪುಸದ ತಳಕ್ಕಿಳಿದು ಅಲ್ಲಿ ಗಾಯದ ಕಲೆಗಳನ್ನು ಕಟ್ಟುವವು. ಇದಕ್ಕೆ ಸಿಲಿಕೋಸಿಸವೆಂದು ಹೆಸರು. ಸಾಮಾನ್ಯವಾಗಿ ಹತ್ತು ಹನ್ನೆರಡು ವರ್ಷ ಕಳೆದ ಮೇಲೆಯೇ ಇದು ತಲೆಯೆತ್ತುವದು. ಅಷ್ಟರಲ್ಲಿ ಕೆಲಸಗಾರನು ಎರಡು ಮೂರು ಕಾರಖಾನೆಗಳನ್ನು ಬದಲಿಸಿರುತ್ತಾನೆ, ಯಾವ ಧಣಿಯೂ ಹೊಣೆ ಹೊರುವದಿಲ್ಲ. ಬಂದ ಮೇಲೆ ಗುಣವಾಗುವ ರೋಗವಲ್ಲ. ಕ್ಷಯವನ್ನು ಸುಲಭವಾಗಿ ಬರಮಾಡಿಕೊಳ್ಳುವದರಿಂದ ಎಷ್ಟೋ ಜನರು ಕ್ಷಯದ ಔಷಧವನ್ನೇ ತಿನ್ನುತ್ತ ತೀರಿಹೋಗುತ್ತಾರೆ. ಇದು ಕನ್ನಡಿಗರಿಗೆ ಹೊಸ ಸಂಗತಿಯಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ ಈ ರೋಗ ಎಷ್ಟು ಹಬ್ಬಿದೆಯೆಂಬದನ್ನು ವೈದ್ಯರು 1940ರ ದಶಕದಲ್ಲಿಯೇ ಎತ್ತಿ ತೋರಿಸಿದ್ದರು.

ಇಲ್ಲಿ ಮಾಲೀಕರು ಹೇಳುವ ಉತ್ತರ ನಮಗೆ ಗೊತ್ತು. "ಮೂಗಿನ ಕವಚ ಕೊಟ್ಟಿದ್ದೇವೆ, ಅವರೇ ಹಾಕಿಕೊಳ್ಳುವದಿಲ್ಲ." ಏಪ್ರಿಲಿನ ಬಿಸಿಲಲ್ಲಿ ಭಟ್ಟಿಯ ಮುಂದೆ ಎಂಟು ತಾಸು ಮೂಗು ಬಾಯಿ ಕಟ್ಟಿಕೊಂಡು ನಿಲ್ಲುವದು ಹೇಗಿರುವದೆಂಬದನ್ನು ಆ ಮಹನೀಯರು ಒಂದು ತಾಸು ಪರೀಕ್ಷಿಸಿ ನೋಡಲಿ. ಕವಚವು ಸರದಿಯಲ್ಲಿ ಕಟ್ಟಕಡೆಯ ಉಪಾಯ. ಅಪಾಯದ ವಸ್ತುವನ್ನೇ ಬದಲಿಸುವದು ಮೊದಲನೆಯದು. ಎರಕದ ಮೈ ತಿಕ್ಕಲು ಮರಳಿನ ಬದಲು ಉಕ್ಕಿನ ಗುಂಡುಗಳನ್ನು ಬಳಸಬಹುದು. ಆಮೇಲೆ ಧೂಳನ್ನು ಹುಟ್ಟಿದಲ್ಲಿಯೇ ಹಿಡಿಯುವದು: ಅಚ್ಚೊಡೆಯುವ ಜಾಗಕ್ಕೆ ಮುಚ್ಚಳ, ಸಾಣೆಯ ಬಳಿ ಹೀರುವ ಬಾಯಿ, ನೆಲಕ್ಕೆ ಒಣ ಕಸಬರಿಗೆಯ ಬದಲು ನೀರು. ಇದೆಲ್ಲ ಆದ ಮೇಲೆ ಉಳಿದ ಧೂಳಿಗೆ ಕವಚ. ನಮ್ಮಲ್ಲಿ ಎಷ್ಟೋ ಕಡೆಗೆ ಕಡೆಯದರಿಂದ ಆರಂಭಿಸಿ ಅಲ್ಲಿಗೇ ಮುಗಿಸುತ್ತಾರೆ, ಏಕೆಂದರೆ ಅದು ಅಗ್ಗ. 1987ರ ತಿದ್ದುಪಡಿಯಲ್ಲಿ 'ಸಾಧ್ಯವಿದ್ದ ಮಟ್ಟಿಗೆ' ಎಂಬ ಮಾತಿತ್ತು. ಆ ಮಾತಿನ ನೆರಳಿನಲ್ಲಿ ಎಷ್ಟು ಹೀರುಯಂತ್ರಗಳು ಬರದೆ ಉಳಿದವೋ ಲೆಕ್ಕವಿಟ್ಟವರಿಲ್ಲ.

ಖಾನಾಪುರದ ಸ್ಥಿತಿ ಬೇರೆ ತೆರನಾದುದು. ಮಲಪ್ರಭೆಯ ತಾಲೂಕಿನ ಜೇಡಿಮಣ್ಣು ಹಂಚಿಗೂ ಇಟ್ಟಿಗೆಗೂ ಹೆಸರಾಗಿದೆ. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ಸಂಸ್ಥೆಯೂ ಅಲ್ಲಿದೆ. ಮಣ್ಣು ಹಸಿಯಿರುವವರೆಗೆ ಯಾರಿಗೂ ತೊಂದರೆಯಿಲ್ಲ. ಒಣಗಿ ಪುಡಿಯಾದ ಕೂಡಲೆ ಅದರಲ್ಲಿಯೂ ಸಿಲಿಕಾ ಏಳುವದು; ಆದ್ದರಿಂದ ನೆಲವನ್ನು ದಿನವೂ ತೊಳೆಯುವದೇ ಅಲ್ಲಿ ಅರ್ಧ ವೈದ್ಯ. ಹಂಚಿನ ಒತ್ತುಯಂತ್ರಕ್ಕೆ ಎರಡೂ ಕೈಗಳಿಂದ ಒತ್ತಿದ ಹೊರತು ಇಳಿಯದ ಗುಂಡಿಯನ್ನು ಕೂಡಿಸಿದರೆ ಬೆರಳುಗಳು ಉಳಿಯುವವು. ಮಣ್ಣು ತೆಗೆಯುವ ಗುಂಡಿಯ ದಂಡೆಯನ್ನು ಗೋಡೆಯಂತೆ ನೆಟ್ಟಗೆ ಕಡಿಯದೆ ಇಳಿಜಾರಾಗಿ ಕಡಿದರೆ ಅದು ಕುಸಿದು ಜನರನ್ನು ಹೂಳುವ ಭಯ ಕಡಿಮೆಯಾಗುವದು. ಇದಕ್ಕೆ ಬೇಕಾಗುವದು ಹೆಚ್ಚಿನ ದುಡ್ಡಲ್ಲ, ಸ್ವಲ್ಪ ಹೆಚ್ಚಿನ ನೆಲ ಮಾತ್ರ. ಇಟ್ಟಿಗೆಯ ಭಟ್ಟಿಗಳಲ್ಲಿ ಗಂಡಹೆಂಡಿರು ಮಕ್ಕಳ ಸಮೇತ ಮುಂಗಡ ಹಣದ ಮೇಲೆ ಬಂದು ದುಡಿಯುವದುಂಟು. ಅಂಥ ಕಡೆಗೆ ಹಾಜರಿ ಪುಸ್ತಕದಲ್ಲಿ ಹೆಸರು ಬರುವದು ಗಂಡಸಿನದೊಂದೇ. ಹೆಸರಿಲ್ಲದವಳು ಸುಟ್ಟುಕೊಂಡರೆ ಪರಿಹಾರ ಕೇಳುವ ಆಧಾರವೇ ಇಲ್ಲ. "ಅವರು ಗುತ್ತಿಗೆದಾರನ ಆಳುಗಳು, ನಮ್ಮವರಲ್ಲ" ಎಂಬ ಮಾತು ನಗರದಲ್ಲಿಯೂ ತಾಲೂಕಿನಲ್ಲಿಯೂ ಒಂದೇ ರಾಗದಲ್ಲಿ ಕೇಳಿಸುವದು. ತನ್ನ ಅಂಗಳದಲ್ಲಿ, ತನ್ನ ಯಂತ್ರದ ಮುಂದೆ, ತನ್ನ ಮಾಲಿಗಾಗಿ ದುಡಿಯುವವನು ತನ್ನವನಲ್ಲವೆಂಬ ತರ್ಕ ನಮಗಂತೂ ಅರ್ಥವಾಗದು.

ಸಣ್ಣ ಮಾಲೀಕರ ಕಷ್ಟವನ್ನು ನಾವು ಅಲ್ಲಗಳೆಯುವದಿಲ್ಲ. ದೊಡ್ಡ ಮೋಟಾರು ಕಂಪನಿಗಳು ತೂಕಕ್ಕೆ ಕಟ್ಟುವ ದರದಲ್ಲಿ ಹೀರುಯಂತ್ರದ ಖರ್ಚು ಹೊರಡುವದು ಬಿಗಿಯೇ. ಅದಕ್ಕೆಂದೇ ಹತ್ತಾರು ಶೆಡ್ಡುಗಳವರು ಕೂಡಿ ಒಬ್ಬ ಸುರಕ್ಷತಾ ಅಧಿಕಾರಿಯನ್ನೂ ಒಬ್ಬ ವೈದ್ಯನನ್ನೂ ಇಟ್ಟುಕೊಳ್ಳುವದು ಯೋಗ್ಯ. ಸಂಹಿತೆಯು ಅಪಾಯಕಾರಕ ಕಾರಖಾನೆಯಲ್ಲಿ ಇನ್ನೂರೈವತ್ತು ಜನರಿದ್ದರೆ ಮಾತ್ರ ಅಂಥ ಅಧಿಕಾರಿಯನ್ನು ಕಡ್ಡಾಯ ಮಾಡಿದೆ. ಕಡ್ಡಾಯವಿಲ್ಲದ್ದನ್ನು ಮಾಡಬಾರದೆಂದು ಅದು ಎಲ್ಲಿಯೂ ಹೇಳಿಲ್ಲ.

ಅಧಿಕಾರಿವರ್ಗದವರಿಗೆ ನಮ್ಮ ಬಿನ್ನಹ ಎರಡು. ಕೆಲಸಗಾರರು ಕನ್ನಡಿಗರು, ಮರಾಠಿಗರು, ಉತ್ತರ ಹಿಂದುಸ್ಥಾನದಿಂದ ಬಂದ ಹಿಂದೀ ಮಾತಿನವರು. ಗೋಡೆಯ ಮೇಲಿನ ಎಚ್ಚರಿಕೆ ಮಾತ್ರ ಎಷ್ಟೋ ಕಡೆಗೆ ಇಂಗ್ಲಿಷಿನಲ್ಲಿ. ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಬರೆಯಬೇಕೆಂದು 1948ರ ಕಾಯಿದೆಯೇ ಹೇಳಿತ್ತು. ಕಾರಖಾನೆಗಳ ಇಲಾಖೆಯ ಪರೀಕ್ಷಕರು ಬೇರೆ ಏನನ್ನು ನೋಡುವ ಮೊದಲು ಆ ಫಲಕವನ್ನು ಒಬ್ಬ ಕೆಲಸಗಾರನಿಂದ ಓದಿಸಿ ನೋಡಲಿ. ಎರಡನೆಯದು, ಎದೆಯ ಕ್ಷಕಿರಣದ ಚಿತ್ರ. ಕೆಲಸಕ್ಕೆ ಸೇರಿದ ದಿನದ್ದೂ ಪ್ರತಿವರ್ಷದ್ದೂ ಕಾರಖಾನೆಯ ಕಪಾಟಿನಲ್ಲಿ ಬೀಗ ಬಿದ್ದಿರದೆ, ಅದರ ಒಂದು ಪ್ರತಿಯು ಕೆಲಸಗಾರನ ಕೈಯಲ್ಲಿರಬೇಕು. ಕೆಮ್ಮಿಕೊಂಡು ಬಂದವನಿಗೆ ಕ್ಷಯದ ಚೀಟಿ ಬರೆಯುವ ಮುಂಚೆ "ಯಾವ ಕೆಲಸ ಮಾಡುತ್ತೀಯಪ್ಪಾ, ಎಷ್ಟು ವರ್ಷದಿಂದ?" ಎಂದು ನಮ್ಮ ವೈದ್ಯರು ಒಂದು ಮಾತು ಕೇಳಿ, ಉತ್ತರವನ್ನು ಅದೇ ಚೀಟಿಯ ಮೇಲೆ ಬರೆದು ಕೊಡಲಿ.