ಗಣಕಯಂತ್ರದ ನಿದ್ರಾಭಂಗ: ಕಾರಣಶೋಧನೆಯ ಒಂದು ಕ್ರಮ

ಚರಿತ್ರೆಯ ಅಧ್ಯಯನಕ್ಕೆ ಮೀಸಲಾದ ಪತ್ರಿಕೆಯಲ್ಲಿ ಗಣಕಯಂತ್ರದ ನಿದ್ರೆಯ ಪ್ರಸ್ತಾಪವೇಕೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಕಡತಗಳ ಛಾಯಾಪ್ರತಿಗಳು, ಶಾಸನಪಾಠಗಳು, ಅವುಗಳ ಅಕಾರಾದಿ ಸೂಚಿಗಳು ಇವೆಲ್ಲವೂ ಇಂದು ಈ ಯಂತ್ರದ ಒಡಲಿನಲ್ಲಿಯೇ ಇರುವುದರಿಂದ ಅದರ ಆರೋಗ್ಯವು ಸಂಶೋಧಕನ ಚಿಂತೆಯೂ ಆಗಿದೆ. ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂಗೆ ಅದರ ನಿರ್ಮಾಪಕರು ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಅದರ ಆಸುಪಾಸಿನಲ್ಲಿ ಅನೇಕ ಕಾಲೇಜುಗಳ ಯಂತ್ರಗಳು ವಿಂಡೋಸ್ 11ಕ್ಕೆ ಬದಲಾದವು. ಇಂಥ ಬದಲಾವಣೆಯ ತರುವಾಯ ಕೇಳಿಬರುವ ದೂರುಗಳಲ್ಲಿ ನಿದ್ರೆಗೆ ಸಂಬಂಧಿಸಿದವು ಕಡಮೆಯಲ್ಲ: ಯಂತ್ರ ಮಲಗುವುದಿಲ್ಲ, ಮಲಗಿದರೂ ನಡುರಾತ್ರಿಯಲ್ಲಿ ಏಳುತ್ತದೆ, ಇಲ್ಲವೆ ಮಲಗಿದುದು ಏಳುವುದೇ ಇಲ್ಲ. ಈ ದೂರುಗಳ ಕಾರಣವನ್ನು ಕಂಡುಹಿಡಿಯುವ ಕ್ರಮವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ. ಕ್ರಮವನ್ನು ಮೀರಿ ನಡೆದುದರಿಂದ ಆದ ಎರಡು ತಪ್ಪುಗಳನ್ನೂ ಇಲ್ಲಿ ಹೇಳಬೇಕಾಗಿದೆ. ಎರಡೂ ಈ ಲೇಖಕನವೇ.

ಮೊದಲು ನಿದ್ರೆಯೆಂದರೇನೆಂಬುದನ್ನು ತಿಳಿಯತಕ್ಕದ್ದು. ನಾವು ಸ್ಲೀಪ್ ಎಂದು ಕರೆಯುವ ಸ್ಥಿತಿಯಲ್ಲಿ ಯಂತ್ರದ ಬಹುಭಾಗಕ್ಕೆ ವಿದ್ಯುತ್ತು ನಿಂತುಹೋಗುತ್ತದೆ. ತಾತ್ಕಾಲಿಕ ಸ್ಮೃತಿಯಾದ ರ‍್ಯಾಮ್‌ಗೆ ಮಾತ್ರ ಅದು ಸಣ್ಣ ಪ್ರಮಾಣದಲ್ಲಿ ಹರಿಯುತ್ತಿರುತ್ತದೆ. ತೆರೆದಿಟ್ಟ ಬರೆಹಗಳೆಲ್ಲ ಆ ಸ್ಮೃತಿಯಲ್ಲಿ ನಿಂತಿರುತ್ತವೆ. ಇದಕ್ಕೆ ಶಾಸ್ತ್ರದಲ್ಲಿ ಎಸ್3 ಎಂದು ಹೆಸರು. ಹೈಬರ್ನೇಟ್ ಎಂಬ ಎಸ್4ರಲ್ಲಿ ಸ್ಮೃತಿಯ ಪ್ರತಿಯನ್ನು ಡಿಸ್ಕಿಗೆ ಇಳಿಸಿ ವಿದ್ಯುತ್ತನ್ನು ಪೂರ್ಣವಾಗಿ ಕಡಿಯಲಾಗುವುದು. ಇವೆರಡರ ನಡುವೆ ಮಿಶ್ರನಿದ್ರೆಯೊಂದುಂಟು: ಪ್ರತಿಯನ್ನು ಡಿಸ್ಕಿಗೂ ಬರೆದು, ಸ್ಮೃತಿಗೂ ವಿದ್ಯುತ್ತನ್ನು ಉಳಿಸಿ ಮಲಗುವುದು. ಮೇಜಿನ ಮೇಲಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಇದೇ ಇರುತ್ತದೆ. ಕರೆಂಟು ಹೋದರೂ ಬರೆಹ ಉಳಿಯುವುದು ಇದರ ಲಾಭ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಆಪರೇಟಿಂಗ್ ಸಿಸ್ಟಂ ಬದಲಾದರೆ ನಿದ್ರೆಯೇಕೆ ಕೆಡಬೇಕು? ಇದಕ್ಕೆ ಉತ್ತರ ಯಂತ್ರದ ಚರಿತ್ರೆಯಲ್ಲಿದೆ. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ರೂಪಿಸಿದ ಎಪಿಎಂ ಎಂಬ ಏರ್ಪಾಡಿನಲ್ಲಿ ಯಂತ್ರವನ್ನು ಮಲಗಿಸುವ, ಎಬ್ಬಿಸುವ ಹೊಣೆ ಬಹುಮಟ್ಟಿಗೆ ಬಯೋಸ್ ಎಂಬ ಮೂಲತಂತ್ರದ್ದಾಗಿತ್ತು. ಯಾವ ಬರೆಹ ನಡೆದಿದೆ, ಯಾವ ಕೆಲಸ ಅರ್ಧಕ್ಕೆ ನಿಂತಿದೆ ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. 1996ರ ಡಿಸೆಂಬರಿನಲ್ಲಿ ಅದೇ ಎರಡು ಸಂಸ್ಥೆಗಳು ತೋಷಿಬಾ ಸಂಸ್ಥೆಯೊಡನೆ ಸೇರಿ ಎಸಿಪಿಐ ಎಂಬ ಹೊಸ ನಿಬಂಧನೆಯನ್ನು ಪ್ರಕಟಿಸಿದವು. ಇದರ ಮೂಲಕ ನಿರ್ಧಾರದ ಅಧಿಕಾರ ಆಪರೇಟಿಂಗ್ ಸಿಸ್ಟಂಗೆ ಬಂದಿತು. ಯಂತ್ರದ ಮೂಲತಂತ್ರವು ತನ್ನಲ್ಲಿ ಏನೇನಿದೆಯೆಂದು ಪಟ್ಟಿಯನ್ನು ಒಪ್ಪಿಸುತ್ತದೆ; ಯಾವಾಗ ಮಲಗಬೇಕೆಂದು ಸಿಸ್ಟಂ ಅಪ್ಪಣೆ ಕೊಡುತ್ತದೆ; ಒಂದೊಂದು ಸಾಧನದ ಡ್ರೈವರ್ ಎಂಬ ಚಾಲಕತಂತ್ರವು ಅದನ್ನು ನೆರವೇರಿಸುತ್ತದೆ. ಹೀಗೆ ಹೊಣೆ ಮೂವರಲ್ಲಿ ಹಂಚಿಹೋಗಿರುವುದರಿಂದ, ಸಿಸ್ಟಂ ಬದಲಾದಾಗ ಹಳೆಯ ಡ್ರೈವರ್‌ಗಳ ಸ್ಥಳದಲ್ಲಿ ಹೊಸವು ಬಂದು ಕೂರುವುದೂ, ಹಿಂದೆ ನಾವು ಮಾಡಿಟ್ಟ ಕೆಲವು ಆಯ್ಕೆಗಳು ಅಳಿದು ಮೂಲಸ್ಥಿತಿಗೆ ಮರಳುವುದೂ ಉಂಟು. ರಾಜ್ಯ ಕೈಬದಲಾದಾಗ ಹಳೆಯ ಶಾನುಭೋಗರ ಲೆಕ್ಕವನ್ನು ಹೊಸಬರು ಓದಲಾರದೆ ಹೋಗುವಂತೆ ಇದು.

ಇನ್ನು ಪರೀಕ್ಷೆಯ ಕ್ರಮ. ಯಂತ್ರವು ತನ್ನ ನಿದ್ರೆಯ ದಿನಚರಿಯನ್ನು ತಾನೇ ಬರೆದಿಡುತ್ತದೆ ಎಂಬುದು ಬಹುಮಂದಿಗೆ ತಿಳಿಯದು. ಇವೆಂಟ್ ವ್ಯೂವರ್ ಎಂಬ ತಂತ್ರಾಂಶವನ್ನು ತೆರೆದು ವಿಂಡೋಸ್ ಲಾಗ್ಸ್ ಎಂಬುದರೊಳಗಿನ ಸಿಸ್ಟಂ ದಾಖಲೆಯನ್ನು ನೋಡಿದರೆ, ಕರ್ನಲ್-ಪವರ್ ಎಂಬ ಮೂಲದಿಂದ ಬಂದ 42ನೆಯ ಸಂಖ್ಯೆಯ ನಮೂದು ನಿದ್ರೆಯ ಆರಂಭವನ್ನೂ, ಪವರ್-ಟ್ರಬಲ್‌ಶೂಟರ್ ಎಂಬ ಮೂಲದ 1ನೆಯ ಸಂಖ್ಯೆಯ ನಮೂದು ಎಚ್ಚತ್ತುದನ್ನೂ ಸೂಚಿಸುತ್ತವೆ. ಕರ್ನಲ್-ಪವರ್‌ನ 41 ಕಂಡರೆ ಯಂತ್ರವು ಕ್ರಮವಾಗಿ ಮುಚ್ಚದೆ ಹಠಾತ್ತನೆ ನಿಂತು ಮತ್ತೆ ಆರಂಭವಾಯಿತೆಂದು ಅರ್ಥ.

ಇಲ್ಲಿಯೇ ಈ ಲೇಖಕನ ಮೊದಲ ತಪ್ಪು ನಡೆಯಿತು. 2025ರ ನವೆಂಬರಿನಲ್ಲಿ ಕಡತಗಳ ಸೂಚಿಯನ್ನು ಸಿದ್ಧಪಡಿಸುವ ಕೊಠಡಿಯ ಯಂತ್ರವನ್ನು ಬದಲಾಯಿಸಿದೆವು. ಸಂಜೆ ಮಲಗಿಸಿ ಹೋದ ಯಂತ್ರದ ಪಂಖ ಬೆಳಗ್ಗೆ ಬಂದು ನೋಡಿದರೆ ಸುತ್ತುತ್ತಿತ್ತು. ಮೂರು ದಿನ ಹೀಗಾಗಲು ದಾಖಲೆಯನ್ನು ತೆರೆದೆನು. ಎಚ್ಚತ್ತ ವೇಳೆ 20 ಗಂಟೆ 43 ನಿಮಿಷ ಎಂದಿತ್ತು. ಅಂದರೆ ರಾತ್ರಿ ಎಂಟೂ ಮುಕ್ಕಾಲು. ಒಂಬತ್ತಕ್ಕೆ ಕಟ್ಟಡಕ್ಕೆ ಬೀಗ ಹಾಕುವ ಹಿರಿಯ ಜವಾನರೊಬ್ಬರ ಹೊರತು ಆ ಹೊತ್ತಿನಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಮರುದಿನ ಅವರನ್ನು ಕೇಳಿದೆನು. ಕೇಳಿದ ಧಾಟಿ ಒಳ್ಳೆಯದಾಗಿರಲಿಲ್ಲ. “ಆ ಮೇಜಿನ ಧೂಳು ಕೂಡ ನಾನು ಹೊಡೆಯೋದಿಲ್ಲ ಸಾರ್, ಏನಾದರೂ ಅದಲುಬದಲಾದೀತು ಅಂತ” ಎಂದಷ್ಟೇ ಹೇಳಿ ಅವರು ಹೊರಟುಹೋದರು.

ಆ ವೇಳೆಯ ಕೊನೆಯಲ್ಲಿ ಇಂಗ್ಲಿಷಿನ ಜೆಡ್ ಅಕ್ಷರವೊಂದಿತ್ತು. ಅದು ಜಾಗತಿಕ ಕಾಲಮಾನದ ಗುರುತು. ಈ ನಮೂದಿನ ವಿವರದೊಳಗೆ ವೇಳೆಯು ಜಾಗತಿಕ ಮಾನದಲ್ಲಿಯೂ, ಹೊರಗಿನ ಪಟ್ಟಿಯಲ್ಲಿ ನಮ್ಮ ಮಾನದಲ್ಲಿಯೂ ಕಾಣಿಸುತ್ತದೆ. ಐದೂವರೆ ಗಂಟೆ ಕೂಡಿಸಿದರೆ ಯಂತ್ರ ಎಚ್ಚತ್ತುದು ನಡುರಾತ್ರಿ ಕಳೆದು 2 ಗಂಟೆ 13 ನಿಮಿಷಕ್ಕೆ. ಆಗ ಕಟ್ಟಡಕ್ಕೆ ಬೀಗ ಬಿದ್ದು ಐದು ಗಂಟೆ ಕಳೆದಿತ್ತು. ಶಾಸನದ ಶಕವರ್ಷವು ಗತವೋ ವರ್ತಮಾನವೋ ಎಂದು ನೋಡದೆ ಕಾಲನಿರ್ಣಯ ಮಾಡಬಾರದೆಂದು ತರಗತಿಯಲ್ಲಿ ಪ್ರತಿವರ್ಷವೂ ಹೇಳುವವನು ಇಲ್ಲಿ ಅದನ್ನೇ ಮರೆತಿದ್ದನು. ಅದೇ ನಮೂದಿನ ಕೊನೆಯ ಸಾಲಿನಲ್ಲಿ ಎಬ್ಬಿಸಿದ ಸಾಧನದ ಹೆಸರೂ ಇತ್ತು. ಅಪರಾಧಿ ಸಿಕ್ಕನೆಂಬ ಆತುರದಲ್ಲಿ ಕಣ್ಣು ಅಲ್ಲಿಯವರೆಗೆ ಹೋಗಲಿಲ್ಲ. ಜವಾನರ ಬಳಿಗೆ ಹೋಗಿ ತಪ್ಪನ್ನು ಒಪ್ಪಿಕೊಂಡೆನೆಂಬುದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ.

ಎಬ್ಬಿಸಿದ ಸಾಧನವೆಂದರೆ ಜಾಲಬಂಧದ ಕಾರ್ಡು. ಇದನ್ನು ಬೇರೊಂದು ಬಗೆಯಲ್ಲಿಯೂ ತಾಳೆನೋಡಬಹುದು. ಕಮಾಂಡ್ ಪ್ರಾಂಪ್ಟ್ ಎಂಬ ಕಿಟಕಿಯನ್ನು ಆಡಳಿತಾಧಿಕಾರದೊಡನೆ ತೆರೆದು, ಪವರ್ ಎಂಬ ಇಂಗ್ಲಿಷ್ ಶಬ್ದಕ್ಕೆ ಸಿ, ಎಫ್, ಜಿ ಎಂಬ ಮೂರು ಅಕ್ಷರಗಳನ್ನು ತೆರಪಿಲ್ಲದೆ ಸೇರಿಸಿ, ಬಳಿಕ ತೆರಪು ಬಿಟ್ಟು, ಓರೆಗೆರೆಯೊಡನೆ ಲಾಸ್ಟ್‌ವೇಕ್ ಎಂದು ಒಂದೇ ಶಬ್ದವಾಗಿ ಬರೆದರೆ ಕಡೆಯ ಬಾರಿ ಎಬ್ಬಿಸಿದವರು ಯಾರೆಂದು ಯಂತ್ರ ಹೇಳುತ್ತದೆ. ಕೆಲವೊಮ್ಮೆ ಅದು ಏನನ್ನೂ ಹೇಳದು. ಮೌನದಿಂದ ಯಾವುದನ್ನೂ ಸಾಧಿಸಲಾಗದು. ಆಗ ಅದೇ ಆಜ್ಞೆಯನ್ನು ವೇಕ್‌ಟೈಮರ್ಸ್ ಎಂಬ ಶಬ್ದದೊಡನೆ ಕೊಟ್ಟು, ಗೊತ್ತಾದ ವೇಳೆಗೆ ಎಬ್ಬಿಸುವಂತೆ ಯಾವ ತಂತ್ರಾಂಶವಾದರೂ ಕೇಳಿಕೊಂಡಿದೆಯೆ ಎಂದು ನೋಡಬೇಕು. ಹೊಸ ಪರಿಷ್ಕರಣೆಗಳನ್ನು ಅಳವಡಿಸುವ ಏರ್ಪಾಡೂ ಹೀಗೆ ಕೇಳಿಕೊಳ್ಳುವುದುಂಟು.

ನಮ್ಮ ಯಂತ್ರದಲ್ಲಿ ಬದಲಾವಣೆಯ ತರುವಾಯ ಜಾಲಬಂಧದ ಕಾರ್ಡಿಗೆ ಎಬ್ಬಿಸುವ ಅನುಮತಿ ಮರಳಿ ಬಂದಿತ್ತು. ನೆರೆಯ ಯಂತ್ರಗಳು ತಮ್ಮಷ್ಟಕ್ಕೆ ಕಳುಹಿಸುತ್ತಿದ್ದ ಸಂದೇಶಗಳಿಗೂ ಅದು ಎದ್ದು ಕೂರುತ್ತಿತ್ತು. ಡಿವೈಸ್ ಮ್ಯಾನೇಜರಿನಲ್ಲಿ ಆ ಕಾರ್ಡನ್ನು ತೆರೆದು, ಪವರ್ ಮ್ಯಾನೇಜ್‌ಮೆಂಟ್ ಎಂಬ ಪುಟದಲ್ಲಿ ಯಂತ್ರವನ್ನು ಎಬ್ಬಿಸುವ ಅನುಮತಿಯ ಗುರುತನ್ನು ತೆಗೆದರೆ ಸಾಕು. ದೂರದಿಂದ ಎಬ್ಬಿಸುವ ಅಗತ್ಯವಿದ್ದವರು ಅದನ್ನು ಪೂರ್ತಿ ತೆಗೆಯದೆ, ಮ್ಯಾಜಿಕ್ ಪ್ಯಾಕೆಟ್ ಎಂಬ ವಿಶೇಷ ಸಂದೇಶಕ್ಕೆ ಮಾತ್ರ ಎಚ್ಚರಗೊಳ್ಳುವಂತೆ ಮಾಡಬಹುದು.

ಆದರೆ ಒಂದು ಸಂದೇಹ ಉಳಿಯಿತು. ಮನುಷ್ಯರ ಕೈ ಸೋಕದೆ ಎಚ್ಚತ್ತ ಯಂತ್ರವು ಸಾಮಾನ್ಯವಾಗಿ ಎರಡು ನಿಮಿಷದಲ್ಲಿ ಮತ್ತೆ ಮಲಗತಕ್ಕದ್ದು. ಇದು ಬೆಳಗಿನವರೆಗೂ ಎಚ್ಚರವಾಗಿದ್ದುದೇಕೆ? ಎಬ್ಬಿಸಿದವರು ಬೇರೆ, ಮಲಗಗೊಡದವರು ಬೇರೆ ಆಗಿರಬಹುದು ಎಂಬುದು ಇಲ್ಲಿ ಗಮನಾರ್ಹ. ಎರಡನೆಯವರನ್ನು ಹಿಡಿಯಲು ಪವರ್‌ಸಿಎಫ್‌ಜಿ ಆಜ್ಞೆಯನ್ನು ರಿಕ್ವೆಸ್ಟ್ಸ್ ಎಂಬ ಶಬ್ದದೊಡನೆ ಕೊಡಬೇಕು. ಯಾರು ಯಂತ್ರವನ್ನು ಎಚ್ಚರವಾಗಿಡುವಂತೆ ಕೋರಿದ್ದಾರೆಂಬುದರ ಪಟ್ಟಿ ಬರುತ್ತದೆ. ನಿಲ್ಲಿಸಲು ಮರೆತ ಹಾಡೊಂದು ಅಲ್ಲಿ ಧ್ವನಿಪ್ರವಾಹವೆಂದು ಕಾಣಿಸಿಕೊಳ್ಳುವುದುಂಟು. ನಮ್ಮಲ್ಲಿ ಕಂಡುದು ಎಸ್‌ಆರ್‌ವಿನೆಟ್ ಎಂಬ ಹೆಸರು: ಬೇರೊಂದು ಯಂತ್ರ ಜಾಲಬಂಧದ ಮೂಲಕ ಇಲ್ಲಿಯ ಕಡತವನ್ನು ತೆರೆದುಕೊಂಡಿದೆ ಎಂದು ಅದರ ಅರ್ಥ. ಆ ಬೇರೊಂದು ಯಂತ್ರ ಈ ಲೇಖಕನ ಕೋಣೆಯದೇ ಆಗಿತ್ತು. ಹಂಚಿಕೊಂಡ ಕಡತಕೋಶವನ್ನು ತೆರೆದಿಟ್ಟು ದಿನವೂ ಮನೆಗೆ ಹೋಗುತ್ತಿದ್ದೆನು.

ಮಡಚುವ ಯಂತ್ರಗಳ, ಎಂದರೆ ಲ್ಯಾಪ್‌ಟಾಪ್‌ಗಳ, ವಿಚಾರ ಸ್ವಲ್ಪ ಭಿನ್ನ. ಇವುಗಳಲ್ಲಿ ಅನೇಕಕ್ಕೆ ಮೇಲೆ ಹೇಳಿದ ಎಸ್3 ಇಲ್ಲವೇ ಇಲ್ಲ. 2012ರಲ್ಲಿ ವಿಂಡೋಸ್ 8ರೊಡನೆ ಬಂದು 2015ರ ವಿಂಡೋಸ್ 10ರಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಹೆಸರಿನಲ್ಲಿ ವಿಸ್ತಾರಗೊಂಡ ಏರ್ಪಾಡು ಅವುಗಳಲ್ಲಿರುತ್ತದೆ. ಇದರಲ್ಲಿ ಯಂತ್ರವು ಮಲಗಿದಂತೆ ಕಂಡರೂ ಒಳಗೆ ಮಂದವಾಗಿ ಎಚ್ಚರವಾಗಿಯೇ ಇರುತ್ತದೆ. ಕ್ಷೇತ್ರಕಾರ್ಯಕ್ಕೆ ಹೊರಟವರ ಚೀಲದಲ್ಲಿ ಯಂತ್ರ ಬಿಸಿಯಾಗಿ ಬ್ಯಾಟರಿ ಬರಿದಾಗುವುದಕ್ಕೆ ಇದೊಂದು ಕಾರಣ. ಪವರ್‌ಸಿಎಫ್‌ಜಿಗೆ ಓರೆಗೆರೆಯೊಡನೆ ಎ ಅಕ್ಷರವನ್ನು ಸೇರಿಸಿದರೆ ತನ್ನಲ್ಲಿ ಯಾವ ಬಗೆಯ ನಿದ್ರೆಯುಂಟೆಂದು ಯಂತ್ರ ತಿಳಿಸುತ್ತದೆ. ಎಸ್0 ಎಂದು ಬಂದರೆ ಇದೇ ಬಗೆ; ಇದು ಮೂಲತಂತ್ರದಲ್ಲಿಯೇ ಗೊತ್ತಾದುದರಿಂದ ಹೊಸ ಸಿಸ್ಟಂ ಅನ್ನು ದೂರಿ ಫಲವಿಲ್ಲ. ಇಂಥ ಯಂತ್ರಗಳಲ್ಲಿ ಸ್ಲೀಪ್‌ಸ್ಟಡಿ ಎಂಬ ಶಬ್ದದೊಡನೆ ಆಜ್ಞೆ ಕೊಟ್ಟರೆ ಯಾವ ಸಾಧನ ಎಷ್ಟು ಹೊತ್ತು ಎಚ್ಚರವಿದ್ದಿತೆಂಬ ಸವಿಸ್ತಾರ ವರದಿ ದೊರೆಯುವುದು. ಚೀಲಕ್ಕೆ ಹಾಕುವ ಮುನ್ನ ಹೈಬರ್ನೇಟ್ ಮಾಡುವುದು ಲೇಸು.

ಮಲಗಿದ ಯಂತ್ರ ಕಪ್ಪು ಪರದೆಯನ್ನಷ್ಟೇ ತೋರಿ ಏಳದಿದ್ದರೆ ಮೊದಲು ಶಂಕಿಸಬೇಕಾದುದು ಚಿತ್ರಸಾಧನದ ಡ್ರೈವರನ್ನು. ತಯಾರಕರ ತಾಣದಿಂದ ಹೊಸ ಡ್ರೈವರನ್ನು ತರಬೇಕು, ಇಲ್ಲವೆ ಹಿಂದಿನದಕ್ಕೆ ಮರಳಬೇಕು. ಬಯೋಸ್‌ಗೆ ಪರಿಷ್ಕರಣೆಯಿದ್ದರೆ ಅದನ್ನೂ ಅಳವಡಿಸಬೇಕು. ಪ್ರತಿಯೊಂದು ಬದಲಾವಣೆಯ ಬಳಿಕ ಶಟ್‌ಡೌನ್ ಮಾಡದೆ ರೀಸ್ಟಾರ್ಟ್ ಮಾಡಬೇಕು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿರುವಲ್ಲಿ ಶಟ್‌ಡೌನ್ ಎಂಬುದು ಸಿಸ್ಟಂನ ತಿರುಳನ್ನು ಡಿಸ್ಕಿನಲ್ಲಿ ಕಾಪಿಟ್ಟು ಮರುದಿನ ಅದನ್ನೇ ಎತ್ತಿಕೊಳ್ಳುವುದರಿಂದ ಹಳೆಯ ದೋಷವೂ ಹಾಗೆಯೇ ಮರಳಿ ಬರಬಹುದು. ಯಾವುದೂ ಫಲಿಸದಿದ್ದರೆ ಹಿಂದಿನ ಸಿಸ್ಟಂಗೆ ಮರಳುವ ಮಾರ್ಗವುಂಟು. ಆದರೆ ಅದಕ್ಕೆ ಅವಧಿ ಸಾಮಾನ್ಯವಾಗಿ 10 ದಿನ ಮಾತ್ರ.

ಇನ್ನು ಎರಡನೆಯ ತಪ್ಪು. ಜಾಲಬಂಧದ ಕಾರ್ಡಿನ ಸಂಗತಿ ತಿಳಿಯುವುದಕ್ಕೆ ಮುಂಚೆ, ನಿದ್ರೆಯ ರೋಗಗಳಿಗೆಲ್ಲ ಹೈಬರ್ನೇಟನ್ನು ತೆಗೆದುಹಾಕುವುದೇ ಮದ್ದೆಂದು ಯಾರೋ ಹೇಳಿದುದನ್ನು ನಂಬಿ ಪವರ್‌ಸಿಎಫ್‌ಜಿ /ಎಚ್ ಆಫ್ ಎಂಬ ಆಜ್ಞೆಯನ್ನು ಕೊಟ್ಟಿದ್ದೆನು. ರೋಗ ಹೋಗಲಿಲ್ಲ. ಹೈಬರ್ನೇಟ್ ಹೋದರೆ ಅದರೊಡನೆ ಮಿಶ್ರನಿದ್ರೆಯೂ ಹೋಗುತ್ತದೆ, ಬರೆಹಕ್ಕೆ ರ‍್ಯಾಮ್ ಒಂದೇ ಆಸರೆಯಾಗುತ್ತದೆ ಎಂಬುದನ್ನು ಯೋಚಿಸಲಿಲ್ಲ; ಮದ್ದು ಫಲಿಸಲಿಲ್ಲವೆಂದು ಕಂಡ ಮೇಲೂ ಅದನ್ನು ಹಿಂತೆಗೆದುಕೊಳ್ಳಲಿಲ್ಲ. ಡಿಸೆಂಬರಿನ ಒಂದು ಸಂಜೆ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ದಿನವಿಡೀ ಓದಿ ಬೆರಳಚ್ಚಿಸಿದ ಸೂಚಿಯನ್ನು ತೆರೆದಿರುವಂತೆಯೇ ಬಿಟ್ಟು ಯಂತ್ರವನ್ನು ಮಲಗಿಸಿ ಹೋದಳು. ಹಾಗೆ ಮಾಡಬಹುದೆಂದು ಹೇಳಿಕೊಟ್ಟವನು ನಾನೇ. ಅವಳು ಬಳಸುತ್ತಿದ್ದ ತಂತ್ರಾಂಶ ಬರೆಹವನ್ನು ತಾನಾಗಿ ಉಳಿಸಿಕೊಳ್ಳುವಂಥದಲ್ಲ. ರಾತ್ರಿ ಕರೆಂಟು ಹೋಯಿತು. ಯುಪಿಎಸ್‌ನ ಬ್ಯಾಟರಿ ಬೆಳಗಾಗುವುದಕ್ಕೆ ಮೊದಲೇ ಬರಿದಾಯಿತು. ಮರುದಿನ ದಾಖಲೆಯಲ್ಲಿ 41ನೆಯ ಸಂಖ್ಯೆಯ ನಮೂದೊಂದು ಕಂಡಿತು, ಸೂಚಿ ಕಾಣಲಿಲ್ಲ.

ಆ ದಿನ ಅವಳು ಓದಿದ್ದ ಕಡತದ ಹಾಳೆಗಳು ಮೋಡಿಲಿಪಿಯಲ್ಲಿದ್ದು ಅಂಚು ಮುರಿಯುವಷ್ಟು ಜೀರ್ಣವಾಗಿದ್ದವು. ಮತ್ತೊಮ್ಮೆ ಬಿಡಿಸದೆ ಛಾಯಾಪ್ರತಿಗಳಿಂದಲೇ ಓದಬೇಕಾಯಿತು. /ಎಚ್ ಆನ್ ಎಂದು ಬರೆದು ಹೈಬರ್ನೇಟನ್ನು ಮರಳಿ ತಂದೆನು. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್‌ನಲ್ಲಿ, ನಿದ್ರೆಯ ವಿಭಾಗದೊಳಗೆ ಹೈಬ್ರಿಡ್ ಸ್ಲೀಪ್ ಎಂಬ ಆಯ್ಕೆ ಪುನಃ ಕಾಣಿಸಿಕೊಂಡಿತು. ಯಂತ್ರದ ಪಕ್ಕದಲ್ಲಿ ಈಗ ರಟ್ಟಿನ ಪುಸ್ತಕವೊಂದಿದೆ. ಯಾವ ಆಯ್ಕೆಯನ್ನು ಯಾರು ಯಾವ ದಿನ ಬದಲಾಯಿಸಿದರು, ಹಿಂದೆ ಏನಿತ್ತು, ಬದಲಾಯಿಸಲು ಕಂಡ ಸಾಕ್ಷ್ಯವೇನು ಎಂಬ ಅಂಕಣಗಳು ಅದರಲ್ಲಿವೆ. ಮೊದಲನೆಯ ಪುಟದಲ್ಲಿ /ಎಚ್ ಆಫ್ ಎಂಬುದರ ಎದುರಿಗೆ ಸಾಕ್ಷ್ಯದ ಅಂಕಣ ಖಾಲಿಯಾಗಿಯೇ ಉಳಿದಿದೆ.