ನಮ್ಮೂರ ಮೆಟ್ರೋದೊಳಗಿನ ದೆವ್ವಗಳು: ‘ಫಾಲ್‌ಔಟ್ 3’ ಮಕ್ಕಳ ಕೈಗೆ ಕೊಡಬಹುದೇ?

ಕ್ಲಾರ್ಕ್ಸ್‌ಬರ್ಗ್‌ನಿಂದ ವಾಷಿಂಗ್ಟನ್ ನೋಡಲು ಹೊರಟರೆ ನಮ್ಮಲ್ಲಿ ಅನೇಕರು ಮಾಡುವುದು ಒಂದೇ. ಶೇಡಿ ಗ್ರೋವ್‌ವರೆಗೆ ಕಾರು, ಅಲ್ಲಿಂದ ಮೆಟ್ರೋದ ರೆಡ್ ಲೈನ್. ನೆಲದಡಿಯ ಆ ಮಬ್ಬು ಬೆಳಕಿನ ನಿಲ್ದಾಣಗಳು, ತಲೆಯ ಮೇಲಿನ ಕಾಂಕ್ರೀಟಿನ ಚೌಕ ಚೌಕ ಕಮಾನು ನಿಮಗೂ ಗೊತ್ತಿರುತ್ತವೆ. ಈಗ ಅದೇ ನಿಲ್ದಾಣ ಪಾಳು ಬಿದ್ದು ಇನ್ನೂರು ವರ್ಷವಾಗಿದೆ, ಕತ್ತಲೊಳಗಿಂದ ಚರ್ಮ ಸುಲಿದ ಮನುಷ್ಯಾಕೃತಿಯೊಂದು ನಿಮ್ಮತ್ತ ಓಡಿ ಬರುತ್ತಿದೆ ಎಂದುಕೊಳ್ಳಿ. ಅದು ‘ಫಾಲ್‌ಔಟ್ 3’.

ನವೆಂಬರ್‌ನಲ್ಲಿ ಉತ್ತರ ಕ್ಯಾರೊಲಿನಾದಿಂದ ಅಕ್ಕ ಫೋನ್ ಮಾಡಿದಳು. ಹದಿನಾಲ್ಕು ವರ್ಷದ ಮಗ ಈ ಗೇಮ್ ಬೇಕೆಂದು ಹಟ ಹಿಡಿದಿದ್ದ. 2024ರಲ್ಲಿ ಬಂದ ಟಿವಿ ಧಾರಾವಾಹಿಯಿಂದಾಗಿ ಹಳೆಯ ಗೇಮ್‌ಗಳಿಗೆ ಮತ್ತೆ ಜೀವ ಬಂದಿದೆ. “ನೀನು ಪಿಎಚ್‌ಡಿ ಮಾಡಿದವಳು, ನೀನೇ ನೋಡಿ ಹೇಳೇ” ಎಂದಳು. ನನ್ನ ಪಿಎಚ್‌ಡಿ ಪ್ರೋಟೀನುಗಳ ಬಗ್ಗೆ! ಆದರೂ ಎರಡು ವಾರ, ಮಗಳು ಮಲಗಿದ ಮೇಲೆ, ಕೂತು ಆಡಿದೆ.

ಮೊದಲಿಗೆ ಗೇಮ್‌ನ ಹಿನ್ನೆಲೆ. 2008ರ ಅಕ್ಟೋಬರ್‌ನಲ್ಲಿ ಇದನ್ನು ಹೊರತಂದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಇರುವುದು ನಮ್ಮ ಮಾಂಟ್ಗೊಮರಿ ಕೌಂಟಿಯ ರಾಕ್‌ವಿಲ್‌ನಲ್ಲೇ. ಕಥೆ ನಡೆಯುವುದು 2277ರಲ್ಲಿ, ಅಣುಯುದ್ಧದಲ್ಲಿ ಸುಟ್ಟುಹೋದ ವಾಷಿಂಗ್ಟನ್ ಸುತ್ತಮುತ್ತ. ನಮ್ಮ ಪಕ್ಕದ ಜರ್ಮನ್‌ಟೌನ್‌ನ ಪೊಲೀಸ್ ಠಾಣೆಯೂ ಇದರಲ್ಲಿದೆ. ರಾಕ್ಷಸರು ಜನರನ್ನು ಸೆರೆಯಿಟ್ಟುಕೊಂಡಿರುವ ಜಾಗ ಅದು. ದಿನಸಿ ತರಲು ಹೋಗುವ ಊರನ್ನು ಹೀಗೆ ಕಂಡಾಗ ನನಗೂ ಒಮ್ಮೆ ಎದೆ ಝಲ್ಲೆಂದಿತು.

ಭಾರತದ ಜೊತೆಗೂ ಇದಕ್ಕೊಂದು ನಂಟಿದೆ. ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣ ಕೊಟ್ಟು, ಅಲ್ಲಿ ಎಕ್ಸ್‌ಬಾಕ್ಸ್ ಆವೃತ್ತಿಯನ್ನು ಬಿಡುಗಡೆ ಮಾಡುವುದಿಲ್ಲ ಎಂದು ಮೈಕ್ರೋಸಾಫ್ಟ್ 2008ರಲ್ಲಿ ಹೇಳಿತು. ಗೇಮ್‌ನಲ್ಲಿ ವಿಕಿರಣದಿಂದ ಎರಡು ತಲೆ ಬಂದ ಹಸುಗಳಿವೆ, ಅವುಗಳ ಹೆಸರು ‘ಬ್ರಾಹ್ಮಿನ್’. ಕಾರಣ ಇದೇ ಇರಬೇಕೆಂದು ಬಹಳ ಜನ ಊಹಿಸಿದರು. ಮಕ್ಕಳು ಕೇಳಿದರೆ ಉತ್ತರ ನಿಮ್ಮ ಬಳಿ ಇರಲಿ.

ಇನ್ನು ಗುಣಗಳು. ಕಥೆಯ ಆರಂಭ ಸೊಗಸಾಗಿದೆ. ನೆಲಮಾಳಿಗೆಯಂಥ ಒಂದು ಆಶ್ರಯದಲ್ಲಿ ನೀವು ಹುಟ್ಟುತ್ತೀರಿ, ಅಂಬೆಗಾಲಿಡುತ್ತೀರಿ, ಹತ್ತನೆಯ ಹುಟ್ಟುಹಬ್ಬ ಆಚರಿಸುತ್ತೀರಿ. ತಾಯಿ ಇಲ್ಲ, ಸಾಕಿದವನು ವಿಜ್ಞಾನಿ ತಂದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ದಿನ ಎದ್ದರೆ, ತಂದೆ ಹೇಳದೆ ಕೇಳದೆ ಹೊರಟುಹೋಗಿದ್ದಾನೆ. ಪೊಟೊಮ್ಯಾಕ್ ನದಿಯ ವಿಷನೀರನ್ನು ಕುಡಿಯುವಂತೆ ಮಾಡುವ ಯಂತ್ರವನ್ನು ಪೂರ್ತಿಗೊಳಿಸಲು ಹೋದನೆಂದು ಆಮೇಲೆ ತಿಳಿಯುತ್ತದೆ. ಲ್ಯಾಬ್‌ನಿಂದ ತಡವಾಗಿ ಬರುವ ಅಮ್ಮನಾದ ನನಗೆ ರಾಕ್ಷಸರಿಗಿಂತ ಈ ಭಾಗವೇ ಹೆಚ್ಚು ಕಾಡಿತು.

ಎರಡನೆಯ ಗುಣ, ಆಯ್ಕೆ. ಮೆಗಾಟನ್ ಎಂಬ ಊರಿನ ನಡುವೆ ಸಿಡಿಯದ ಅಣುಬಾಂಬ್ ಇದೆ. ನೀವು ಅದನ್ನು ನಿಷ್ಕ್ರಿಯ ಮಾಡಬಹುದು, ಹಣಕ್ಕಾಗಿ ಸಿಡಿಸಲೂಬಹುದು. ಜಪಾನಿನ ಆವೃತ್ತಿಯಲ್ಲಿ ಸಿಡಿಸುವ ಆಯ್ಕೆಯನ್ನೇ ತೆಗೆದುಹಾಕಿದ್ದರು.

ದೋಷಗಳೂ ಕಡಿಮೆಯಿಲ್ಲ. ಗುರಿಯಿಡುವಾಗ ಆಟ ನಿಲ್ಲುತ್ತದೆ, ತಲೆಯೋ ಕೈಯೋ ಎಂದು ನೀವು ಆರಿಸುತ್ತೀರಿ, ಆಮೇಲೆ ಆ ಅಂಗ ಚೂರಾಗುವುದನ್ನು ನಿಧಾನಗತಿಯಲ್ಲಿ ತೋರಿಸುತ್ತಾರೆ. ಮೊದಲ ಸಲ ಕಣ್ಣು ಮುಚ್ಚಿಕೊಂಡೆ, ಐವತ್ತನೆಯ ಸಲ ಟೀ ಕುಡಿಯುತ್ತ ನೋಡಿದೆ. ನನಗೆ ಹೆದರಿಕೆಯಾದದ್ದು ಆಗ. ಮೆಟ್ರೋ ಸುರಂಗಗಳು ಒಂದರಂತೆ ಇನ್ನೊಂದಿದ್ದು, ಹತ್ತು ತಾಸಿನ ನಂತರ ಭಯ ಹೋಗಿ ಬೇಸರ ಉಳಿಯುತ್ತದೆ. ಪಾಪಪುಣ್ಯವನ್ನು ಅಂಕಿಗಳಲ್ಲಿ ಎಣಿಸುವ ‘ಕರ್ಮ’ದ ಲೆಕ್ಕವೂ ಇದೆ. ಊರು ಸುಟ್ಟವರು ಭಿಕ್ಷುಕರಿಗೆ ಬಾಟಲಿ ಬಾಟಲಿ ನೀರು ಕೊಡುತ್ತ ಹೋದರೆ ಮತ್ತೆ ಒಳ್ಳೆಯವರಾಗಬಹುದು! ನಮ್ಮಜ್ಜಿ ಹೇಳುತ್ತಿದ್ದ ಕರ್ಮ ಇಷ್ಟು ಅಗ್ಗದ್ದಾಗಿರಲಿಲ್ಲ. ಕೊನೆಯಲ್ಲಿ, ವಿಕಿರಣ ತಾಗದ ಜೊತೆಗಾರ ಪಕ್ಕದಲ್ಲಿದ್ದರೂ ಆ ವಿಷಕೋಣೆಗೆ ಹೋಗಲು ಆತ ಒಪ್ಪುವುದಿಲ್ಲ. ಈ ಎಡವಟ್ಟನ್ನು 2009ರ ‘ಬ್ರೋಕನ್ ಸ್ಟೀಲ್’ ಎಂಬ ಸೇರ್ಪಡೆಯಲ್ಲಿ ತಿದ್ದಿದರು.

ಡಿಸೆಂಬರ್ ರಜೆಗೆ ಅಕ್ಕ ಮತ್ತು ಹುಡುಗ ನಮ್ಮ ಮನೆಗೆ ಬಂದರು. ಭಾವ, ಹುಷಾರಿಲ್ಲದ ತಮ್ಮ ತಂದೆಯನ್ನು ನೋಡಿಕೊಳ್ಳಲು ಮೈಸೂರಿಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಒಂದು ಕರಾರು ಮಾಡಿಕೊಂಡೆವು: ಕಂಟ್ರೋಲರ್ ನನ್ನ ಕೈಯಲ್ಲಿ, ನಿರ್ಧಾರ ಅವನದು, ರಕ್ತಪಾತ ಬಂದರೆ ಅಲ್ಲಿಗೆ ನಿಲ್ಲಿಸುವುದು.

ತಂದೆ ಹೊರಟುಹೋದ ದೃಶ್ಯದಲ್ಲಿ ಅವನು ಏನೂ ಮಾತಾಡಲಿಲ್ಲ. ಮೆಗಾಟನ್‌ನಲ್ಲಿ ಮಾತ್ರ ಉತ್ಸಾಹದಿಂದ “ಸಿಡಿಸೋಣ ಚಿಕ್ಕಮ್ಮ!” ಎಂದ. ಸಿಡಿಸಿದೆ. ಅಣಬೆಯಂಥ ಹೊಗೆ ಎದ್ದಿತು. ಸ್ವಲ್ಪ ಹೊತ್ತಿಗೆ, “ಶೆರೀಫನ ಮಗನೂ ಅಲ್ಲೇ ಇದ್ದನಲ್ವಾ?” ಎಂದು ಕೇಳಿದ. ಈ ಗೇಮ್‌ನಲ್ಲಿ ಮಕ್ಕಳನ್ನು ಗುಂಡು ಹೊಡೆದು ಕೊಲ್ಲಲು ಬರುವುದಿಲ್ಲ, ತಯಾರಕರು ಬಿಟ್ಟಿಲ್ಲ. ಬಾಂಬಿಗೆ ಆ ಕಟ್ಟಳೆಯಿಲ್ಲ. “ಹಿಂದಿನ ಸೇವ್‌ಗೆ ಹೋಗೋಣ” ಎಂದ. ಹೋದೆವು. ಆಮೇಲೆ ಇದ್ದಕ್ಕಿದ್ದಂತೆ, “ಅಪ್ಪನೂ ನಾನು ಮಲಗಿದ್ದಾಗಲೇ ಏರ್‌ಪೋರ್ಟ್‌ಗೆ ಹೋದರು” ಎಂದ. ನಾಲ್ಕು ತಿಂಗಳಲ್ಲಿ ಈ ಮಾತನ್ನು ಅವನು ಅಕ್ಕನ ಹತ್ತಿರವೂ ಆಡಿರಲಿಲ್ಲ. ಮೈಸೂರಿನಲ್ಲಿ ಆಗ ಬೆಳಗಾಗಿತ್ತು. ವಿಡಿಯೊ ಕಾಲ್ ಹಚ್ಚಿಕೊಟ್ಟು ನಾನು ಅಡುಗೆಮನೆಗೆ ಹೋದೆ.

ಹಾಗಾದರೆ ಅಕ್ಕನಿಗೆ ಏನು ಹೇಳಿದೆ? ಡಬ್ಬದ ಮೇಲಿನ ‘ಎಂ’ ಎಂದರೆ ಹದಿನೇಳು ಮತ್ತು ಮೇಲ್ಪಟ್ಟವರಿಗೆ. ಆ ಗುರುತು ಸರಿಯಾಗಿಯೇ ಇದೆ, ಸದ್ಯಕ್ಕೆ ಅವನೊಬ್ಬನ ಕೈಗೆ ಕೊಡಬೇಡ ಎಂದೆ. ನಿಮಗೂ ನನ್ನ ಸಲಹೆ ಇಷ್ಟೇ. ಬೇಡ ಎನ್ನುವ ಮುಂಚೆ, ಅಥವಾ ಹೂಂ ಎನ್ನುವ ಮುಂಚೆ, ನೀವೇ ಒಂದೆರಡು ರಾತ್ರಿ ಆಡಿ ನೋಡಿ. ಮಗು ಕೇಳಿದಾಗ “ಅದೆಲ್ಲ ಕೆಟ್ಟದ್ದು” ಎಂದು ಬಾಯಿ ಮುಚ್ಚಿಸುವ ಬದಲು, ಯಾವ ಭಾಗ ಬೇಡ, ಯಾಕೆ ಬೇಡ ಎಂದು ಹೇಳಲು ಬರುತ್ತದೆ.