ಇಲಿಶ್ ಬರುವ ಹೊತ್ತು

ಮಕ್ಕಳೇ, ಕಲ್ಕತ್ತೆಯಲ್ಲೇ ಹುಟ್ಟಿ ಬೆಳೆದ ನಿಮಗೆ ಇಲಿಶ್ ಮೀನಿನ ರುಚಿಯನ್ನು ನಾನು ಹೇಳಿಕೊಡಬೇಕಿಲ್ಲ. ಆದರೆ ನಿಮ್ಮ ತಟ್ಟೆಗೆ ಬರುವ ಮೊದಲು ಅದು ಎಲ್ಲಿಗೆ ಹೊರಟಿತ್ತು ಎಂದು ಯೋಚಿಸಿದ್ದೀರಾ?

ನಮ್ಮ ದಕ್ಷಿಣ ಕನ್ನಡದಲ್ಲಿ ಮಳೆಗಾಲವೆಂದರೆ ದೋಣಿಗಳು ದಡ ಸೇರುವ ಕಾಲ, ಅಡುಗೆಮನೆಯಲ್ಲಿ ಒಣಮೀನಿನದೇ ದರ್ಬಾರು. ಮದುವೆಯಾಗಿ ಇಲ್ಲಿಗೆ ಬಂದಾಗ ನನಗೆ ಆಶ್ಚರ್ಯವೋ ಆಶ್ಚರ್ಯ! ಇಲ್ಲಿ ಮಳೆ ಬಂದರೇ ಮೀನು. ಜಿಟಿಜಿಟಿ ಮಳೆಗೆ ಬಂಗಾಳಿಗಳು 'ಇಲ್ಶೆಗುರಿ' ಎಂದೇ ಹೆಸರಿಟ್ಟಿದ್ದಾರೆ.

ಇಲಿಶ್ ವಾಸ ಕಡಲಲ್ಲಿ, ಹೆರಿಗೆ ಮಾತ್ರ ತವರಿನ ಸಿಹಿನೀರಿನಲ್ಲಿ. ಜುಲೈಯಿಂದ ಅಕ್ಟೋಬರ್‌ವರೆಗೆ ಹೂಗ್ಲಿ ತುಂಬಿ ಹರಿಯುವಾಗ ಬಂಗಾಳ ಕೊಲ್ಲಿಯಿಂದ ಗುಂಪುಗುಂಪಾಗಿ ಪ್ರವಾಹಕ್ಕೆ ಎದುರಾಗಿ ಈಜಿ ಬರುತ್ತದೆ. ನಮ್ಮ ಮಲೆನಾಡಿನಲ್ಲಿ ಮೊದಲ ಮಳೆಗೆ ಗದ್ದೆ ಹತ್ತುವ ಮೀನಿನ ಹಾಗೆಯೇ ಅನ್ನಿ. ಚಳಿಗಾಲದ ಕೊನೆಗೆ ಇನ್ನೊಂದು ಸಣ್ಣ ತಂಡ. ಮರಿಗಳು ಕೆಲವು ತಿಂಗಳು ನದಿಯಲ್ಲೇ ಬೆಳೆದು ಕಡಲಿಗಿಳಿಯುತ್ತವೆ.

ಗಾಳ ಹಿಡಿದು ಕೂರುವ ಹುಡುಗರಿಗೊಂದು ಕಿವಿಮಾತು: ಇದು ಎರೆಹುಳಕ್ಕೆ ಬಾಯಿ ಹಾಕುವ ಮೀನಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮ ಪಾಚಿ, ಜೀವಿಗಳನ್ನು ಕಿವಿರಿನಲ್ಲಿ ಸೋಸಿ ತಿನ್ನುತ್ತದೆ. ನಿಮ್ಮ ಹಿಟ್ಟಿನ ಉಂಡೆ ರೋಹುವಿಗಿರಲಿ!

ಹಿಂದೆ ಇದು ಗಂಗೆಯಲ್ಲಿ ಅಲಹಾಬಾದಿನವರೆಗೂ ಹೋಗುತ್ತಿತ್ತು. 1975ರಲ್ಲಿ ಫರಕ್ಕಾ ಬ್ಯಾರೇಜ್ ಬಂದ ಮೇಲೆ ಆ ದಾರಿ ಹೆಚ್ಚುಕಡಿಮೆ ಮುಚ್ಚಿಹೋಯಿತು. ಅಣೆಕಟ್ಟಿನ ಮಾತು ನಮ್ಮ ಕೈಯಲ್ಲಿಲ್ಲ. ಸಂತೆಚೀಲ ನಮ್ಮ ಕೈಯಲ್ಲಿದೆಯಲ್ಲ?

ಕೆಲವು ವರ್ಷಗಳ ಹಿಂದೆ ಅಗ್ಗಕ್ಕೆ ಸಿಕ್ಕಿತೆಂದು ಒಂದು ಕಿಲೋ 'ಖೋಕಾ ಇಲಿಶ್' ತಂದೆ. ಹುರಿದು ಬಡಿಸಿದರೆ ಬರೀ ಮುಳ್ಳು. "ಅಮ್ಮಾ, ಇವು ಮರಿಗಳಲ್ವಾ?" ಎಂದ ಮಗ. ಇಂಗ್ಲಿಷ್ ಬಿ.ಎ. ಓದಿದ ತಾಯಿಗೆ ಉತ್ತರ ಹೊಳೆಯಲಿಲ್ಲ. ಒಮ್ಮೆಯೂ ಮೊಟ್ಟೆಯಿಡದ ಮರಿಗಳವು! 23 ಸೆಂಟಿಮೀಟರಿಗಿಂತ ಚಿಕ್ಕದನ್ನು ಹಿಡಿಯುವುದಕ್ಕೂ ಮಾರುವುದಕ್ಕೂ 2013ರಲ್ಲೇ ಇಲ್ಲಿನ ಸರಕಾರ ನಿಷೇಧ ಹಾಕಿದೆಯೆಂದು ಆಮೇಲೆ ತಿಳಿಯಿತು. ಪೂರ್ವಬಂಗಾಳ ಮೂಲದ ಅನೇಕ ಮನೆಗಳಲ್ಲಿ ಲಕ್ಷ್ಮೀಪೂಜೆಯಿಂದ ಸರಸ್ವತೀಪೂಜೆಯವರೆಗೆ ಇಲಿಶ್ ಮುಟ್ಟುವುದಿಲ್ಲ. ಮರಿ ಬೆಳೆಯುವ ಕಾಲವೂ ಅದೇ! ಹಿರಿಯರು ಪುಸ್ತಕ ಓದದೆಯೇ ತಿಳಿದಿದ್ದರು.

ಈಗ ಪೇಟೆಯಲ್ಲಿ ನನ್ನ ಗೇಣೇ ಸ್ಕೇಲು. ಗೇಣಿನ ಮೇಲೆ ಎರಡು ಬೆರಳು ಇಲ್ಲದಿದ್ದರೆ, "ದಾದಾ, ಆಜ್ ಥಾಕ್" ಎಂದು ಸೊಪ್ಪಿನವಳ ಕಡೆ ನಡೆಯುತ್ತೇನೆ.